ಕನ್ನಡದ ಎಲೆಯ ಮೇಲೆ ಯಾರ ಊಟ?

ಕೇರಳದಲ್ಲಿರುವ ಕನ್ನಡಿಗರ ಕೂಟಗಳಲ್ಲಿ ರಾಜ್ಯೋತ್ಸವದ ಊಟ ಹೇಗಿರುತ್ತದೆ ಎಂಬುದನ್ನು ಎರ್ನಾಕುಲಂನಲ್ಲಾಗಲಿ ತಿರುವನಂತಪುರದಲ್ಲಾಗಲಿ ನಾಲ್ಕಾರು ವರ್ಷ ಕಳೆದವರು ಎಲೆ ಹಾಕುವ ಮೊದಲೇ ಹೇಳಬಲ್ಲರು. ಕೋಸಂಬರಿ, ಎರಡು ಪಲ್ಯ, ಅನ್ನ, ಸಾರು, ಹುಳಿ, ಬಿಸಿಬೇಳೆ ಬಾತ್, ಹಪ್ಪಳ, ಪಾಯಸ, ಮಜ್ಜಿಗೆ. ಅಡುಗೆಯವರು ಸ್ಥಳೀಯರಾಗಿದ್ದರೆ ಒಂದು ಅವಿಯಲ್ ಕೂಡ ಸೇರಿಕೊಂಡಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಇದಕ್ಕೆ ‘ಕನ್ನಡ ನಾಡಿನ ಸಾಂಪ್ರದಾಯಿಕ ಭೋಜನ’ ಎಂಬ ಹೆಸರು. ಊಟ ರುಚಿಯಾಗಿರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಆ ಹೆಸರಿನ ಬಗ್ಗೆ.

ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಹಬ್ಬಿರುವ ನಾಡಿನ ಊಟವನ್ನು ಕರಾವಳಿಯ ಒಂದು ಪಟ್ಟಿಯ, ಅದರಲ್ಲೂ ಒಂದೆರಡು ಸಮುದಾಯಗಳ ಊಟಕ್ಕೆ ಇಳಿಸಿ, ಅದನ್ನೇ ‘ಕನ್ನಡದ ಊಟ’ ಎಂದು ಹೊರನಾಡಿನವರ ಮುಂದೆ ಬಡಿಸುತ್ತಿದ್ದೇವೆ. ಇದು ಸಣ್ಣ ವಿಷಯವೆಂದು ಹಲವರು ಭಾವಿಸುತ್ತಾರೆ. ಸಣ್ಣ ವಿಷಯವಲ್ಲ ಎಂಬುದೇ ಈ ಬರಹದ ವಾದ.

ಮೊದಲು, ಈ ಊಟ ಇಲ್ಲಿಗೆ ಹೇಗೆ ಬಂತು ಎಂಬುದನ್ನು ನೋಡಬೇಕು. ಯಾವ ಊಟವೂ ತಾನಾಗಿಯೇ ಒಂದು ಜನಾಂಗದ ಗುರುತಾಗುವುದಿಲ್ಲ. ಯಾರ ಕೈಯಲ್ಲಿ ಸಭಾಂಗಣದ ಬೀಗದ ಕೈ ಇದೆ, ಯಾರಿಗೆ ಅಡುಗೆಯವರ ಪರಿಚಯವಿದೆ, ಯಾರು ಚಂದಾ ಪುಸ್ತಕ ಹಿಡಿದಿದ್ದಾರೆ ಎಂಬುದು ಎಲೆಯ ಮೇಲೆ ಏನು ಬೀಳುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಕೇರಳಕ್ಕೆ ಕನ್ನಡ ನಾಡಿನಿಂದ ಬಂದವರಲ್ಲಿ ಮುಖ್ಯವಾಗಿ ಮೂರು ದಾರಿಗಳನ್ನು ಗುರುತಿಸಬಹುದು: ದೇವಾಲಯ, ಹೋಟೆಲು, ಬ್ಯಾಂಕು. ಮೂರೂ ಹೊರಟದ್ದು ಕರಾವಳಿಯಿಂದಲೇ.

ದೇವಾಲಯದ ದಾರಿ ಎಲ್ಲಕ್ಕಿಂತ ಹಳೆಯದು. ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ನಂಬಿಗಳು ತುಳುನಾಡಿನ ಮೂಲದ ಬ್ರಾಹ್ಮಣ ಕುಟುಂಬಗಳವರು. ಕೇರಳದ ಎಷ್ಟೋ ದೇವಾಲಯಗಳಲ್ಲಿ ಪೂಜೆ ಮಾಡುವ ಪೋಟ್ಟಿಗಳು, ಎಂಬ್ರಾಂತಿರಿಗಳು ಕೂಡ ಅದೇ ದಿಕ್ಕಿನಿಂದ ಬಂದವರು. ತಿರುವಾಂಕೂರಿನ ಅರಸರು ಊಟ್ಟುಪುರಗಳೆಂಬ ಅನ್ನಛತ್ರಗಳನ್ನು ನಡೆಸುತ್ತಿದ್ದರು. ಅವು ಬ್ರಾಹ್ಮಣರಿಗಾಗಿ ಇದ್ದವು, ಖರ್ಚು ರಾಜ್ಯದ ಬೊಕ್ಕಸದ್ದು. ಆರು ವರ್ಷಕ್ಕೊಮ್ಮೆ ನಡೆಯುವ ಮುರಜಪದ ಸಂದರ್ಭದಲ್ಲಿ ಈ ಸಂತರ್ಪಣೆ ಇನ್ನಷ್ಟು ದೊಡ್ಡದಾಗುತ್ತಿತ್ತು. ಹೊಲದಲ್ಲಿ ಭತ್ತ ಬೆಳೆದ ಪುಲಯನ ತೆರಿಗೆ ಅಲ್ಲಿ ಅನ್ನವಾಗುತ್ತಿತ್ತು, ಆದರೆ ಪುಲಯನಿಗೆ ಅಲ್ಲಿ ಎಲೆ ಇರಲಿಲ್ಲ. ಒಂದು ಜಾತಿಯ ಊಟವನ್ನು ನಾಡಿನ ಗೌರವದ ಊಟವನ್ನಾಗಿ ಮಾಡಿದ್ದು ನಾಲಿಗೆಯಲ್ಲ, ಬೊಕ್ಕಸ.

ಹೋಟೆಲಿನ ದಾರಿ ಇಪ್ಪತ್ತನೆಯ ಶತಮಾನದ್ದು. ಬಡತನದಿಂದ ಊರು ಬಿಟ್ಟು, ಪಾತ್ರೆ ತೊಳೆದು, ಒಲೆಯ ಮುಂದೆ ಮಲಗಿ ಎದ್ದ ಹುಡುಗರು ಮದರಾಸು, ಮುಂಬಯಿ, ಬೆಂಗಳೂರುಗಳಲ್ಲಿ ಹೋಟೆಲು ಕಟ್ಟಿದ ಕಥೆ ಸಾಹಸದ ಕಥೆಯೇ. ಮದರಾಸಿನ ವುಡ್‌ಲ್ಯಾಂಡ್ಸ್‌ನ ಕೃಷ್ಣರಾಯರು, 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರು ಇವರನ್ನು ನೆನೆಯದೆ ಭಾರತದ ನಗರಗಳ ಊಟದ ಚರಿತ್ರೆ ಬರೆಯಲಾಗದು. ಹೊರಗಿನವರಿಗೆ ‘ಕನ್ನಡದ ಊಟ’ ಎಂದರೆ ‘ಉಡುಪಿ’ ಎಂಬ ಭಾವನೆ ಬಂದದ್ದು ಅವರ ದುಡಿಮೆಯ ಫಲ, ಅದು ಅವರ ತಪ್ಪಲ್ಲ. ಆದರೆ ಒಬ್ಬ ವ್ಯಾಪಾರಿ ತನ್ನ ಫಲಕದ ಮೇಲೆ ಬರೆದದ್ದನ್ನು ಒಂದು ಭಾಷೆಯ ಜನ ತಮ್ಮ ಚರಿತ್ರೆಯೆಂದು ಓದಿಕೊಂಡರೆ ತಪ್ಪು ಓದಿದವರದು. ಇನ್ನೂ ಒಂದು ಮಾತು: ಆ ಫಲಕ ಉಡುಪಿಯನ್ನೂ ಪೂರ್ತಿಯಾಗಿ ಹೇಳುವುದಿಲ್ಲ. ಮಠದ ಅಡುಗೆಯಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ಶಾಕ, ದಧಿ, ಕ್ಷೀರ, ದ್ವಿದಳ ಎಂದು ಒಂದೊಂದನ್ನಾಗಿ ಬಿಡುವ ಕಟ್ಟುನಿಟ್ಟಿನ ವ್ರತವಿದೆ. ಆಲೂಗಡ್ಡೆ ತುಂಬಿದ ಮಸಾಲೆ ದೋಸೆಗೆ ಅಲ್ಲಿ ಸ್ಥಾನವಿರಲಿಲ್ಲ. ಉಡುಪಿಯ ಮೀನುಗಾರರ ಮನೆಯ ಬಂಗುಡೆ ಗಸಿಯೂ ಉಡುಪಿಯದೇ. ಅದನ್ನು ‘ಉಡುಪಿ ಊಟ’ ಎಂದು ಯಾರೂ ಕರೆಯಲಿಲ್ಲ.

ಮೂರನೆಯದು ಬ್ಯಾಂಕಿನ ದಾರಿ. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದವು. ಎಲ್ಲವೂ ಮಂಗಳೂರು ಉಡುಪಿಗಳ ಕೂಸುಗಳು. ವರ್ಗಾವಣೆಯ ಆದೇಶ ಹಿಡಿದು ಕೊಚ್ಚಿಗೂ ತಿರುವನಂತಪುರಕ್ಕೂ ಬಂದ ಗುಮಾಸ್ತರು, ಮ್ಯಾನೇಜರುಗಳು ನಮ್ಮ ಕೂಟಗಳ ಬೆನ್ನೆಲುಬಾದರು. ಇಲ್ಲೊಂದು ಕುತೂಹಲದ ಅಂಶವಿದೆ. ವಿಜಯಾ ಬ್ಯಾಂಕನ್ನು ಕಟ್ಟಿದವರು ಬಂಟರು. ಅವರ ಮನೆಯ ಹೆಮ್ಮೆ ಕೋರಿ ರೊಟ್ಟಿ. ಸಾರಸ್ವತರಲ್ಲಿ ಮೀನು ತಿನ್ನುವವರ ಸಂಖ್ಯೆ ಕಡಿಮೆಯದಲ್ಲ. ಹೀಗಿದ್ದೂ ಕೋರಿ ರೊಟ್ಟಿಯಾಗಲಿ ಮೀನಾಗಲಿ ರಾಜ್ಯೋತ್ಸವದ ಎಲೆಗೆ ಬರಲಿಲ್ಲ. ಮನೆಯಲ್ಲಿ ತಿನ್ನುವವರು ಕೂಡ ಸಭೆಗೆ ಬಂದಾಗ ತಿನ್ನದವರ ಊಟವನ್ನೇ ‘ನಮ್ಮ ಊಟ’ ಎಂದು ಒಪ್ಪಿಕೊಂಡರು. ಜಾತಿಯ ಶ್ರೇಣಿ ಕೆಲಸ ಮಾಡುವ ರೀತಿಯೇ ಇದು. ಅದು ಗದರಿಸಿ ಹೇಳಬೇಕಿಲ್ಲ. ಕೆಳಗಿರುವವರು ತಾವಾಗಿಯೇ ತಮ್ಮ ಪಾತ್ರೆಯನ್ನು ಮುಚ್ಚಿಡುತ್ತಾರೆ.

ಇದನ್ನು ಹೇಳಿದ ಕೂಡಲೇ ಬರುವ ಉತ್ತರ ಒಂದೇ: ‘ಸಸ್ಯಾಹಾರವನ್ನು ಎಲ್ಲರೂ ತಿನ್ನಬಹುದು, ಮಾಂಸವನ್ನು ಎಲ್ಲರೂ ತಿನ್ನಲಾರರು. ಆದ್ದರಿಂದ ಸಾರ್ವಜನಿಕ ಊಟ ಸಸ್ಯಾಹಾರವೇ ಆಗಿರಬೇಕು.’ ವಾದ ನ್ಯಾಯವಾಗಿಯೇ ಕಾಣುತ್ತದೆ. ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗೋಣ. ಹಾಗಾದರೆ ಆ ಎಲೆಯ ಮೇಲೆ ರಾಗಿ ಮುದ್ದೆ ಏಕಿಲ್ಲ? ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಏಕಿಲ್ಲ? ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ ಏಕಿಲ್ಲ? ಮಾದ್ಲಿ ಏಕಿಲ್ಲ? ಮಲೆನಾಡಿನ ಕಳಲೆ ಪಲ್ಯ, ಅಕ್ಕಿ ರೊಟ್ಟಿ, ಕೊಡಗಿನ ಕಡಂಬುಟ್ಟು, ನೂಪುಟ್ಟು ಏಕಿಲ್ಲ? ಇವುಗಳಲ್ಲಿ ಮಾಂಸದ ಚೂರೂ ಇಲ್ಲ. ಧಾರವಾಡದ ಲಿಂಗಾಯತ ಕುಟುಂಬ ತಲೆತಲಾಂತರದಿಂದ ಸಸ್ಯಾಹಾರಿ. ಅವರ ರೊಟ್ಟಿಯೂ ನಮ್ಮ ಎಲೆಗೆ ಬರಲಿಲ್ಲ. ಪ್ರಶ್ನೆ ಮಾಂಸದ್ದೇ ಆಗಿದ್ದರೆ ಇವೆಲ್ಲ ಎಂದೋ ಬರಬೇಕಿತ್ತು. ಬಂದಿಲ್ಲವೆಂದರೆ ‘ಎಲ್ಲರೂ ತಿನ್ನಬಹುದಾದದ್ದು’ ಎಂಬುದು ಕಾರಣವಲ್ಲ, ನೆಪ. ಒಂದು ಪ್ರದೇಶದ ಒಂದು ವರ್ಗದ ಊಟ ಸಹಜವಾಗಿಯೂ, ಉಳಿದದ್ದೆಲ್ಲ ‘ವಿಶೇಷ’ವಾಗಿಯೂ ಕಾಣುತ್ತದೆ ಎಂಬುದೇ ನಿಜವಾದ ಕಾರಣ. ಮುದ್ದೆಯ ಪ್ರಸ್ತಾಪ ಮಾಡಿದವರಿಗೆ ‘ಅದನ್ನು ತಿರುವುವವರು ಯಾರು?’ ಎಂಬ ಉತ್ತರ ಸಿಗುತ್ತದೆ. ಒಬ್ಬಟ್ಟು ತಟ್ಟುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಕಷ್ಟಪಟ್ಟಾದರೂ ಮಾಡಿಸುತ್ತಾರೆ.

ಈ ಜಗಳ ನಮ್ಮೊಬ್ಬರದೇ ಅಲ್ಲ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲು, ಮದ್ಯ, ತಂಬಾಕುಗಳ ಜೊತೆಗೆ ಮಾಂಸಾಹಾರವನ್ನೂ ಒಂದೇ ಸಾಲಿನಲ್ಲಿಟ್ಟು ನಿಷೇಧಿಸಿದ ಸೂಚನೆ ಹೊರಬಿತ್ತು. ಮುದ್ದೆ ಮತ್ತು ಬಾಡಿನ ಸಾರಿಗೆ ಹೆಸರಾದ ಜಿಲ್ಲೆಯಲ್ಲಿ ಆ ಜಿಲ್ಲೆಯ ಊಟವನ್ನು ಹೆಂಡದ ಪಕ್ಕದಲ್ಲಿ ಕೂರಿಸಿದ್ದು ಜನರನ್ನು ನೋಯಿಸಿತು. ಬಾಡೂಟಕ್ಕಾಗಿ ಚಳವಳಿ ನಡೆಯಿತು. ಅದಾದ ಎರಡೇ ವಾರಗಳಲ್ಲಿ, 2025ರ ಜನವರಿ ಮೊದಲ ವಾರ, ತಿರುವನಂತಪುರದಲ್ಲಿ ಕೇರಳದ ಶಾಲಾ ಕಲೋತ್ಸವ ನಡೆಯಿತು. ಅಲ್ಲಿಯೂ ಸಾವಿರಾರು ಮಕ್ಕಳಿಗೆ ಸಸ್ಯಾಹಾರದ ಊಟವೇ. ಎರಡು ವರ್ಷ ಹಿಂದೆ, 2023ರ ಜನವರಿಯಲ್ಲಿ, ಕೋಝಿಕ್ಕೋಡಿನ ಕಲೋತ್ಸವದಲ್ಲಿ ಇದೇ ವಿಷಯಕ್ಕೆ ದೊಡ್ಡ ವಾಗ್ವಾದವೆದ್ದಿತ್ತು. ಮುಂದಿನ ವರ್ಷ ಮಾಂಸಾಹಾರವೂ ಇರುತ್ತದೆಂದು ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ ಹೇಳಿದ್ದರು. ವರ್ಷಗಳಿಂದ ಕಲೋತ್ಸವದ ಅಡುಗೆ ನಡೆಸುತ್ತಿದ್ದ ಪಳಯಿಡಂ ಮೋಹನನ್ ನಂಬೂದಿರಿ ತಾವು ಇನ್ನು ಬರುವುದಿಲ್ಲವೆಂದಿದ್ದರು. ಕೊನೆಗೆ ಅವರೂ ಮರಳಿದರು, ಸಸ್ಯಾಹಾರವೂ ಉಳಿಯಿತು.

ಆದ್ದರಿಂದ ಕೇರಳವನ್ನು ಊಟದ ಸಮಾನತೆಯ ಸ್ವರ್ಗವೆಂದು ತೋರಿಸಿ ನಮ್ಮವರನ್ನು ಹಂಗಿಸುವ ಉದ್ದೇಶ ನನಗಿಲ್ಲ. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದವರಲ್ಲಿ ಸಸ್ಯಾಹಾರಿಗಳು ಕೇರಳದಲ್ಲಿ ನೂರಕ್ಕೆ ಸುಮಾರು 3, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 21. ಎರಡೂ ಕಡೆ ಸಾರ್ವಜನಿಕ ಗೌರವದ ಊಟ ಮಾತ್ರ ಅಲ್ಪಸಂಖ್ಯಾತರದು. ಓಣಂ ಸದ್ಯ ಎಂದರೆ ಸಸ್ಯಾಹಾರವೇ ಎಂದು ಕೊಚ್ಚಿಯ ಹೋಟೆಲುಗಳು ಜಾಹೀರಾತು ಕೊಡುತ್ತವೆ. ಉತ್ತರ ಮಲಬಾರಿನ ಎಷ್ಟೋ ಮನೆಗಳಲ್ಲಿ ಓಣಂ ಎಲೆಯ ಮೇಲೆ ಮೀನೂ ಕೋಳಿಯೂ ಇರುತ್ತವೆ ಎಂಬುದನ್ನು ಆ ಜಾಹೀರಾತು ಮರೆಸುತ್ತದೆ. ರೋಗ ಒಂದೇ. ಆದರೆ ಕೇರಳದಲ್ಲಿ ಆ ರೋಗಕ್ಕೆ ಮದ್ದು ಹುಡುಕಿದವರೂ ಇದ್ದರು. ನಮ್ಮ ಕೊಚ್ಚಿಯಿಂದ ಕೂಗಳತೆಯ ದೂರದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ಏರ್ಪಡಿಸಿದರು. ಈಳವರು ಪುಲಯರೊಡನೆ ಕುಳಿತು ಉಂಡರು. ಅದಕ್ಕಾಗಿ ಅವರ ಸ್ವಜಾತಿಯವರೇ ಅಯ್ಯಪ್ಪನ್ ಅವರನ್ನು ‘ಪುಲಯನ್ ಅಯ್ಯಪ್ಪನ್’ ಎಂದು ಹಂಗಿಸಿದರು. ಅವರು ಆ ಹೆಸರನ್ನು ಬಿರುದಿನಂತೆ ಧರಿಸಿದರು. ಒಂದೇ ಸಾಲಿನಲ್ಲಿ ಕೂರುವುದು ಎಂದರೆ ಒಬ್ಬರ ಊಟವನ್ನು ಎಲ್ಲರೂ ಉಣ್ಣುವುದು ಎಂದಷ್ಟೇ ಅಲ್ಲ, ಯಾರ ಊಟಕ್ಕೂ ನಾಚಿಕೆಯಿರದ ಸಾಲು ಎಂದರ್ಥ. ಪಂಕ್ತಿಭೇದದ ವಿರುದ್ಧ ಮಾತಾಡುವ ನಾವು ಪಾತ್ರೆಭೇದವನ್ನು ಗಮನಿಸದೆ ಇರಲಾಗದು.

ಇನ್ನೊಂದು ಆಕ್ಷೇಪವಿದೆ: ‘ಕೂಟ ಇರುವುದು ಭಾಷೆಗಾಗಿ, ಊಟಕ್ಕಾಗಿ ಅಲ್ಲ.’ ಇದಕ್ಕೆ ಉತ್ತರ ನಮ್ಮ ಪುಸ್ತಕದ ಕಪಾಟಿನಲ್ಲೇ ಇದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಿಂದ ಬೇಟೆಯನ್ನೂ ಮಾಂಸದೂಟವನ್ನೂ ತೆಗೆದರೆ ಮಲೆನಾಡಿನ ಗೌಡರ ಮನೆಯೇ ಅಲ್ಲಿ ಉಳಿಯದು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಹುಡುಕುವುದು ಕಳೆದುಹೋದ ತನ್ನ ಹುಂಜವನ್ನು. ಹುಂಜದ ಬಗ್ಗೆ ವಿಚಾರ ಸಂಕಿರಣ ನಡೆಸಿ, ಆಮೇಲೆ ‘ಕೋಳಿ ನಮ್ಮ ಸಂಸ್ಕೃತಿಯಲ್ಲ’ ಎಂಬ ಧಾಟಿಯಲ್ಲಿ ಊಟಕ್ಕೆ ಏಳುವ ಸಾಹಿತ್ಯಪ್ರೇಮ ಯಾವ ಬಗೆಯದು? ಕಾಸರಗೋಡಿನ ಕಡೆ ತಿರುಗಿ ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ಆ ನೆಲದಲ್ಲಿ ಕನ್ನಡದ ಬಾವುಟ ಹಿಡಿದವರು ಯಾರು? ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳು ಬಂಟರು, ತುಳುವರು. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಕಾಸರಗೋಡಿನ ಮುಸ್ಲಿಂ ಮನೆಯ ಮಗಳು. ಈ ಮೂವರ ಅಡುಗೆಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಭಾಷೆ ಮೂರು ಒಲೆಗಳ ಮೇಲೆ ಬೆಂದಿದೆ. ನಮ್ಮ ಎಲೆ ಮಾತ್ರ ಒಂದೇ ಒಲೆಯನ್ನು ಗುರುತಿಸುತ್ತದೆ.

ಭಾಷೆಯ ಲೆಕ್ಕದಲ್ಲಿ ನಷ್ಟ ಇನ್ನೂ ನೇರವಾದದ್ದು. ಹೊರನಾಡಿನಲ್ಲಿ ಹುಟ್ಟಿದ ಮಗುವಿಗೆ ಶಾಲೆಯಲ್ಲಿ ಕನ್ನಡವಿಲ್ಲ, ಬೀದಿಯಲ್ಲಿ ಕನ್ನಡವಿಲ್ಲ. ಉಳಿದಿರುವ ಕೊನೆಯ ಕನ್ನಡ ಶಾಲೆ ಅಡುಗೆಮನೆ. ಬಸಿ, ಮಸಿ, ತಿರುವು, ಹುರಿ, ಕುಟ್ಟು, ಕಲೆಸು, ಮಿದಿ, ತಟ್ಟು, ಕಾಸು ಈ ಕ್ರಿಯಾಪದಗಳು ನಿಘಂಟಿನಿಂದ ಬರುವುದಿಲ್ಲ, ಕೈಯಿಂದ ಬರುತ್ತವೆ. ಮುದ್ದೆ ಹೋದರೆ ಮುದ್ದೆಕೋಲು ಹೋಗುತ್ತದೆ. ಬಸ್ಸಾರು ಹೋದರೆ ‘ಬಸಿಯುವುದು’ ಏನೆಂದು ಮಗುವಿಗೆ ತಿಳಿಯುವುದಿಲ್ಲ. ರೊಟ್ಟಿ ಹೋದರೆ ‘ತಟ್ಟುವುದು’ ಚಪ್ಪಾಳೆಗೆ ಮಾತ್ರ ಉಳಿಯುತ್ತದೆ. ಒಂದು ಜಿಲ್ಲೆಯ ಊಟವನ್ನು ಬಿಟ್ಟರೆ ಆ ಜಿಲ್ಲೆಯ ಕನ್ನಡವನ್ನೂ ಬಿಟ್ಟಂತೆ. ವರ್ಷಕ್ಕೊಂದು ಭಾಷಣ ಸ್ಪರ್ಧೆ ಆ ನಷ್ಟವನ್ನು ತುಂಬುವುದಿಲ್ಲ.

‘ಮನೆಯಲ್ಲಿ ಬೇಕಾದದ್ದು ತಿನ್ನಿ, ಯಾರು ಬೇಡವೆಂದರು?’ ಎಂದು ಕೇಳುವವರಿಗೆ ಮನೆಯ ಊಟ ಎಷ್ಟರ ಮಟ್ಟಿಗೆ ಮನೆಯದು ಎಂಬುದನ್ನು ಯೋಚಿಸಿ ನೋಡಲು ಹೇಳುತ್ತೇನೆ. ವಲಸೆ ಹೋದವರ ತಟ್ಟೆಯನ್ನು ರುಚಿಗಿಂತ ಹೆಚ್ಚಾಗಿ ರೂಪಿಸುವುದು ಅಂಗಡಿ, ಕಾನೂನು, ದುಡಿಮೆಯ ಗಂಟೆಗಳು, ನೆರೆಯವರ ಕಣ್ಣು. 2020ರ ಆರಂಭದಲ್ಲಿ ಕರ್ನಾಟಕ, ಕೇರಳ ಸೇರಿ ಹನ್ನೆರಡು ರಾಜ್ಯಗಳ ನಡುವೆ ಪಡಿತರ ಚೀಟಿ ಎಲ್ಲಿಯೂ ಸಲ್ಲುವ ವ್ಯವಸ್ಥೆ ಬಂತು. ಚೀಟಿ ಗಡಿ ದಾಟಿತು, ಜೋಳ ದಾಟಲಿಲ್ಲ. ರಾಯಚೂರಿನಿಂದ ಕೊಚ್ಚಿಗೆ ಬಂದ ಕಟ್ಟಡ ಕಾರ್ಮಿಕನಿಗೆ ಪಡಿತರ ಅಂಗಡಿಯಲ್ಲಿ ಸಿಗುವುದು ಅಕ್ಕಿಯೇ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ತಲಪಾಡಿಯ ಆಚೆ ಒಂದು ತಟ್ಟೆಯನ್ನು ಅಪರಾಧವಾಗಿಸಿದರೆ, ಈಚೆ ಅದೇ ತಟ್ಟೆ ಹೋಟೆಲಿನ ಪಟ್ಟಿಯ ಮೊದಲ ಸಾಲಿನಲ್ಲಿದೆ. ರಾಗಿಯ ಕಥೆ ಇನ್ನೂ ವಿಚಿತ್ರ. ಕೇರಳದಲ್ಲಿ ರಾಗಿ ಎಂದರೆ ಹಾಲುಗಲ್ಲದ ಕೂಸಿಗೆ ಕಾಸಿ ಕೊಡುವ ಕುರುಕ್ಕು. ಎರ್ನಾಕುಲಂನ ಅಂಗಡಿಯಲ್ಲಿ ಅದನ್ನು ಹುಡುಕಬೇಕಾದದ್ದು ಶಿಶು ಆಹಾರದ ಸಾಲಿನಲ್ಲಿ, ಇಲ್ಲವೇ ಈಚಿನ ವರ್ಷಗಳಲ್ಲಿ ‘ಆರೋಗ್ಯ’ದ ಹೆಸರಿನ ದುಬಾರಿ ಪೊಟ್ಟಣಗಳ ನಡುವೆ. ಪಾಲಕ್ಕಾಡಿನ ಅಟ್ಟಪ್ಪಾಡಿಯ ಇರುಳರಿಗೆ ರಾಗಿ, ಸಾಮೆಗಳು ದಿನದ ಅನ್ನವಾಗಿದ್ದವು. ಅವರನ್ನು ಕೇಳಿದವರು ಕಡಿಮೆ. ದುಡಿಯುವವನ ಮುದ್ದೆ ಹೀಗೆ ಒಂದೋ ಕೂಸಿನ ಗಂಜಿಯಾಗುತ್ತದೆ, ಇಲ್ಲವೇ ಶ್ರೀಮಂತರ ಪಥ್ಯವಾಗುತ್ತದೆ. ನಡುವೆ ಇದ್ದ ಮನುಷ್ಯ ಮಾಯವಾಗುತ್ತಾನೆ.

ಮತ್ತೊಂದು ಒತ್ತಡ ಹೆಂಗಸರ ದುಡಿಮೆಯದು. ಇನ್ಫೋಪಾರ್ಕಿಗೋ ಟೆಕ್ನೋಪಾರ್ಕಿಗೋ ಬೆಳಗ್ಗೆ ಎಂಟಕ್ಕೆ ಹೊರಡುವ ಹೆಣ್ಣುಮಗಳು ರೊಟ್ಟಿ ತಟ್ಟುತ್ತ ಕೂರಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಪರಂಪರೆಯ ರಕ್ಷಣೆಯ ಹೆಸರಿನಲ್ಲಿ ಅವಳ ಹೆಗಲ ಮೇಲೆ ಇನ್ನೊಂದು ಹೊರೆ ಹೊರಿಸುವ ಗಂಡಸರ ಭಾಷಣಗಳು ಸಾಕಷ್ಟಾಗಿವೆ. ಮನೆಯಲ್ಲಿ ಸಾಧ್ಯವಾಗದ ಊಟಕ್ಕೆ ಸಾರ್ವಜನಿಕ ಜಾಗ ಬೇಕು ಎಂದು ನಾನು ಹೇಳುವುದು ಅದಕ್ಕಾಗಿಯೇ. ಕೂಟದ ಊಟ ವರ್ಷಕ್ಕೊಮ್ಮೆಯಾದರೂ ಅದನ್ನು ಒದಗಿಸದಿದ್ದರೆ ಮಕ್ಕಳು ಅದನ್ನು ಕಾಣುವುದು ಯೂಟ್ಯೂಬಿನಲ್ಲಿ ಮಾತ್ರ.

ಹೆಸರು ಒಂದಾದ ಮಾತ್ರಕ್ಕೆ ಊಟ ಒಂದಾಗುವುದಿಲ್ಲ ಎಂಬುದನ್ನು ಜಗತ್ತು ಬೇರೆ ಕಡೆಯೂ ಕಲಿತಿದೆ. ಅಮೆರಿಕದ ಸಂಯುಕ್ತ ಸಂಸ್ಥಾನ 1980ರ ಜನಗಣತಿಯಲ್ಲಿ ಸ್ಪ್ಯಾನಿಷ್ ಮೂಲದವರನ್ನು ಎಲ್ಲ ಮನೆಗಳಲ್ಲೂ ಕೇಳಿ ಎಣಿಸಿತು. ‘ಹಿಸ್ಪಾನಿಕ್’ ಎಂಬ ಒಂದೇ ಹೆಸರಿನ ಕೆಳಗೆ ಮೆಕ್ಸಿಕೊದವರು, ಪೋರ್ಟೊರಿಕೊದವರು, ಕ್ಯೂಬಾದವರು, ಡೊಮಿನಿಕನ್ನರು ಎಲ್ಲರೂ ಬಂದರು. ಮೆಕ್ಸಿಕೊದವರ ತಟ್ಟೆಯಲ್ಲಿ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ರೊಟ್ಟಿ, ಕ್ಯೂಬಾದವರ ತಟ್ಟೆಯಲ್ಲಿ ಅನ್ನ ಮತ್ತು ಕಪ್ಪು ಅವರೆಯಂಥ ಕಾಳು, ಪೋರ್ಟೊರಿಕೊದವರಲ್ಲಿ ಅನ್ನ, ಬಾಳೆ. ಒಂದೇ ಹೆಸರಿಟ್ಟು ಆರೋಗ್ಯವನ್ನು ಅಳೆದರೆ ಯಾರ ಆರೋಗ್ಯವೂ ತಿಳಿಯುವುದಿಲ್ಲವೆಂದು ಅರಿತು, 2008ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದು ನ್ಯೂಯಾರ್ಕಿನ ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊಗಳಲ್ಲಿ 16,000ಕ್ಕೂ ಹೆಚ್ಚು ಜನರನ್ನು ಅವರವರ ಮೂಲದ ಪ್ರಕಾರ ಬೇರೆಬೇರೆಯಾಗಿ ನೋಡಿತು. ನಮ್ಮಲ್ಲಿ ‘ಸೌತ್ ಇಂಡಿಯನ್’ ಎಂಬ ಮುದ್ರೆಯೊತ್ತಿದ ಪಥ್ಯದ ಹಾಳೆ ಕೊಚ್ಚಿಯ ಆಸ್ಪತ್ರೆಗಳಲ್ಲಿ ಈಗಲೂ ಕೈಗೆ ಬರುತ್ತದೆ: ಇಡ್ಲಿ ಎರಡು, ಅನ್ನ ಒಂದು ಬಟ್ಟಲು. ಮಧುಮೇಹದ ಪ್ರಮಾಣದಲ್ಲಿ ದೇಶದ ಮುಂಚೂಣಿಯಲ್ಲಿರುವ ರಾಜ್ಯಗಳಲ್ಲಿ ಕೇರಳವೂ ಒಂದು. ಇಲ್ಲಿಗೆ ಬಂದ ಬಿಜಾಪುರದ ಹಿರಿಯರಿಗೆ ತಮ್ಮ ರೊಟ್ಟಿಯೂ ಕಾಳುಪಲ್ಯವೂ ಪಥ್ಯದ ಹಾಳೆಯಲ್ಲಿ ಬರೆಯಲು ಯೋಗ್ಯವಾದ ಊಟ ಎಂದು ಹೇಳುವವರು ಯಾರು? ನಾವೇ ಅದನ್ನು ಸಭೆಯಲ್ಲಿ ಊಟವೆಂದು ಗುರುತಿಸದಿದ್ದರೆ ವೈದ್ಯರು ಗುರುತಿಸುತ್ತಾರೆಂದು ನಿರೀಕ್ಷಿಸುವುದು ಹೇಗೆ?

‘ಶುದ್ಧ’ ಎಂಬ ಮಾತಿನ ಬಗ್ಗೆಯೂ ಒಂದೆರಡು ಮಾತು. ‘ಶುದ್ಧ ಸಸ್ಯಾಹಾರಿ’ ಎಂದು ಬರೆದ ಕೂಡಲೇ ಉಳಿದದ್ದು ಅಶುದ್ಧವೆಂದು ಬರೆಯದೆಯೂ ಬರೆದಂತಾಯಿತು. 1957ರಲ್ಲಿ ಮದರಾಸಿನಲ್ಲಿ ಪೆರಿಯಾರರ ಅನುಯಾಯಿಗಳು ಹೋಟೆಲಿನ ಫಲಕದ ಮೇಲಿದ್ದ ‘ಬ್ರಾಹ್ಮಣ’ ಎಂಬ ಪದದ ವಿರುದ್ಧ ಚಳವಳಿ ಮಾಡಿದರು. ಆ ಪದ ಬಹುಮಟ್ಟಿಗೆ ಹೋಯಿತು, ಅದರ ಜಾಗದಲ್ಲಿ ‘ಶುದ್ಧ’ ಬಂದು ಕುಳಿತಿತು. ಶುದ್ಧಿಯ ಲೆಕ್ಕವನ್ನೇ ಹಿಡಿದರೆ ನಮ್ಮ ಎಲೆ ಖಾಲಿಯಾಗಬೇಕು. ಬ್ಯಾಡಗಿಯ ಮೆಣಸಿನಕಾಯಿ, ಸಾರಿನ ಟೊಮೆಟೊ, ಪಲ್ಯದ ಆಲೂಗಡ್ಡೆ ಇವೆಲ್ಲ ಅಮೆರಿಕ ಖಂಡದಿಂದ ಹೊರಟು ಪರಂಗಿಯವರ ಹಡಗಿನ ಕಾಲದ ನಂತರ ನಮ್ಮಲ್ಲಿಗೆ ಬಂದವು. ರಾಗಿ ಆಫ್ರಿಕದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ತೆಗೆದದ್ದರಿಂದ ನಮ್ಮ ರೈತನ ಕಣಜ ತುಂಬಿತು. ಕೇರಳದ ಹೆಮ್ಮೆಯ ಕಪ್ಪ, ನಮ್ಮ ಮರಗೆಣಸು, ದಕ್ಷಿಣ ಅಮೆರಿಕದಿಂದ ಬಂದ ಗೆಡ್ಡೆ. 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಅದನ್ನು ತಿರುವಾಂಕೂರಿನಲ್ಲಿ ಬೆಳೆಸಲು ಪ್ರೋತ್ಸಾಹಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಜನರ ಜೀವ ಉಳಿಸಿದ್ದು ಅದೇ. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಗೆಡ್ಡೆ ಬೆಳೆಗಳಿಗೇ ಮೀಸಲಾದ ಕೇಂದ್ರೀಯ ಸಂಶೋಧನಾ ಸಂಸ್ಥೆಯೊಂದು ಇದೆ. ಮಲಯಾಳಿಗಳು ಬಡವನ ಕಪ್ಪವನ್ನೂ ಮೀನನ್ನೂ ನಾಚಿಕೆಯಿಲ್ಲದೆ ತಮ್ಮ ಗುರುತಾಗಿ ಮಾಡಿಕೊಂಡರು. ಮದುವೆಯ ಊಟದಲ್ಲೂ ಅದಕ್ಕೀಗ ಜಾಗವಿದೆ. ನಾವು ಮುದ್ದೆಯ ವಿಷಯದಲ್ಲಿ ಅಷ್ಟನ್ನೂ ಮಾಡಲಿಲ್ಲ.

ಈಗ ಎದುರು ಪಕ್ಷಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಹುಟ್ಟಿದಂದಿನಿಂದ ಮಾಂಸದ ವಾಸನೆಯನ್ನೇ ಅರಿಯದವರಿಗೆ ಅದರ ಪಕ್ಕ ಕುಳಿತು ಉಣ್ಣುವುದು ನಿಜಕ್ಕೂ ಕಷ್ಟ. ಅದನ್ನು ಮಡಿಯ ಸೋಗೆಂದು ಗೇಲಿ ಮಾಡುವುದು ಒರಟುತನ. ಅವರಲ್ಲಿ ಎಷ್ಟೋ ಮಂದಿ ಜಾತಿಯ ಮೇಲರಿಮೆಯಿಂದಲ್ಲ, ಪ್ರಾಣಿದಯೆಯಿಂದಲೋ ಬರೀ ಅಭ್ಯಾಸದಿಂದಲೋ ಹಾಗಿದ್ದಾರೆ. ಅವರಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇಕಾದರೆ ಬೇರೆ ಒಲೆ ಇರಲೇಬೇಕು. ನಾನು ವಿರೋಧಿಸುವುದು ಒಬ್ಬರ ಅಭ್ಯಾಸ ಎಲ್ಲರ ಸಂಸ್ಕೃತಿಯ ಹೆಸರು ಹೊತ್ತುಕೊಳ್ಳುವುದನ್ನು ಮಾತ್ರ. ದಾರಿಯನ್ನು ಕರ್ನಾಟಕದ ಶಾಲೆಗಳೇ ತೋರಿಸಿವೆ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಸರ್ಕಾರ ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಕೊಟ್ಟಿತು. ಬಹುಪಾಲು ಮಕ್ಕಳು ಮೊಟ್ಟೆ ತೆಗೆದುಕೊಂಡರು, ಉಳಿದವರು ಬಾಳೆಹಣ್ಣು. ಇಬ್ಬರೂ ಒಂದೇ ಜಗಲಿಯ ಮೇಲೆ ಕುಳಿತು ಉಂಡರು. ಆರು ವರ್ಷದ ಮಕ್ಕಳಿಗೆ ಸಾಧ್ಯವಾದದ್ದು ಅರವತ್ತು ವರ್ಷದ ಪದಾಧಿಕಾರಿಗಳಿಗೆ ಅಸಾಧ್ಯವಾಗಬೇಕೆ?

ಆದುದರಿಂದ ಕೊಚ್ಚಿಯ, ತಿರುವನಂತಪುರದ ಮಾತ್ರವಲ್ಲ, ಇದನ್ನು ಓದುವ ಎಲ್ಲ ಹೊರನಾಡ ಕೂಟಗಳ ಮುಂದೆ ನಾಲ್ಕು ಬೇಡಿಕೆಗಳನ್ನಿಡುತ್ತೇನೆ. ಒಂದು, ಪ್ರತಿ ವರ್ಷದ ಊಟವನ್ನು ನಾಡಿನ ಒಂದೊಂದು ಪ್ರದೇಶಕ್ಕೆ ವಹಿಸಿ: ಈ ವರ್ಷ ಹೈದರಾಬಾದ್ ಕರ್ನಾಟಕ, ಮುಂದಿನ ವರ್ಷ ಹಳೆ ಮೈಸೂರು, ಆಮೇಲೆ ಮಲೆನಾಡು, ಕೊಡಗು, ಕರಾವಳಿ. ಎರಡು, ಅಡುಗೆ ಬಲ್ಲ ಸದಸ್ಯರಿಗೆ, ಗಂಡಸರಿಗೂ ಸೇರಿಸಿ, ಸಂಭಾವನೆ ಕೊಟ್ಟು ಮಾಡಿಸಿ. ಸೇವೆಯ ಹೆಸರಿನಲ್ಲಿ ಹೆಂಗಸರ ಮೇಲೆ ಹೊರಿಸಬೇಡಿ. ಮೂರು, ಸಸ್ಯಾಹಾರದ ಪಕ್ಕದಲ್ಲಿ ಮೊಟ್ಟೆ, ಮೀನು, ಕೋಳಿಗೆ ಪ್ರತ್ಯೇಕ ಒಲೆಯೂ ಸಮಾನ ಗೌರವದ ಜಾಗವೂ ಇರಲಿ. ಸಾಲು ಒಂದೇ ಇರಲಿ, ಪಾತ್ರೆ ಬೇರೆಬೇರೆ ಇರಲಿ. ನಾಲ್ಕು, ಆಹ್ವಾನ ಪತ್ರಿಕೆಯಿಂದ ‘ಶುದ್ಧ’ ಎಂಬ ಪದವನ್ನು ತೆಗೆದುಹಾಕಿ, ಪ್ರತಿ ಪದಾರ್ಥದ ಹೆಸರನ್ನೂ ಅದು ಬಂದ ಊರಿನ ಹೆಸರನ್ನೂ ಕನ್ನಡದಲ್ಲಿ ಬರೆದು ಪಾತ್ರೆಯ 앞ದಲ್ಲಿಡಿ.

ಖರ್ಚು ಹೆಚ್ಚಾಗುತ್ತದೆ ಎಂಬ ಮಾತು ಬಂದೇ ಬರುತ್ತದೆ. ಶಾಲುಗಳನ್ನೂ ಹಾರಗಳನ್ನೂ ಅರ್ಧ ಮಾಡಿದರೆ ಆ ಲೆಕ್ಕ ಸರಿಹೋಗುತ್ತದೆ. ಒಂದು ಮಾತನ್ನು ಮಾತ್ರ ಪದಾಧಿಕಾರಿಗಳು ಯೋಚಿಸಲಿ. ವರ್ಷದಿಂದ ವರ್ಷಕ್ಕೆ ಸದಸ್ಯರು ಕಡಿಮೆಯಾಗುತ್ತಿದ್ದಾರೆ, ಹೊಸಬರು ಬರುವುದಿಲ್ಲ ಎಂದು ಪ್ರತಿ ವಾರ್ಷಿಕ ಸಭೆಯಲ್ಲೂ ಕೊರಗುತ್ತೇವೆ. ಬರದೆ ಇರುವವರು ಯಾರೆಂದು ಪಟ್ಟಿ ಮಾಡಿದ್ದೇವೆಯೇ? ನೌಕಾನೆಲೆಗೆ ಬರುವ ಕೊಡವ ಕುಟುಂಬ, ಕಟ್ಟಡ ಕೆಲಸಕ್ಕೆ ಬರುವ ರಾಯಚೂರಿನವರು, ಮಂಡ್ಯದಿಂದ ಬಂದ ಎಂಜಿನಿಯರ್, ಭಟ್ಕಳದ ವ್ಯಾಪಾರಿ, ಕಾಸರಗೋಡಿನಿಂದ ಓದಲು ಬಂದ ವಿದ್ಯಾರ್ಥಿ, ಇವರಲ್ಲಿ ಒಮ್ಮೆ ಬಂದು ಮತ್ತೆ ಬಾರದವರು ಎಷ್ಟು ಮಂದಿ? ಅವರಿಗೆ ಯಾರೂ ಬರಬೇಡಿ ಎನ್ನಲಿಲ್ಲ. ಎಲೆಯ ಮೇಲೆ ತಮ್ಮ ಊರು ಇಲ್ಲದ್ದನ್ನು ಅವರೇ ನೋಡಿಕೊಂಡು ಹೋದರು.